ಮೊಂಡು ಚಕ್ರ

ಗೋಪುರದ ಬುಡದಲ್ಲಿ ಓಬ್ದೂಲಿಯಾ ಬತ್ತಿಗೆ ಬೆಂಕಿ ಮುಟ್ಟಿಸಿದಾಗ ಫಿದೆನ್ಸಿಯೊ ಚರ್ಚಿನ ಅಂಗಳದ ಬೆಂಚಿನ ಮೇಲೆ, ಜನರ ನಡುವೆ, ಕುದಿಯುತ್ತ ಕೂತಿದ್ದ. ಸಿಡಿಮದ್ದು ಅರೆಯುವಾಗ ಅವನ ಬಲಗೈ ಸುಟ್ಟಿತ್ತು. ಹಾಗಾಗಿ ಈ ಹಬ್ಬಕ್ಕೆ ಸಾಲು ಸಾಲು ಚಕ್ರಗಳ ಬಾಣಬಿರುಸಿನ ಗೋಪುರ ಕಟ್ಟಿದವಳು ಅವನ ಅಕ್ಕನ ಮಗಳು ಓಬ್ದೂಲಿಯಾ. ಒಂದೇ ಒಂದು ಚಕ್ರ ತಿರುಗದೆ ನಿಂತರೂ ನಾಳೆಯಿಂದ ಮದ್ದು ಅರೆಯುವ ಕೊಟ್ಟಿಗೆಗೆ ಕಾಲಿಡಬೇಡ ಎಂದು ಬೆಳಿಗ್ಗೆಯೇ ಅವಳಿಗೆ ಹೇಳಿದ್ದ. ಆಡಿದ ಮಾತನ್ನು ನುಂಗುವ ಆಸಾಮಿ ಅವನಲ್ಲ.

ಇಷ್ಟು ವರ್ಷ ಬಾಣ ಬಿಟ್ಟರೂ ಅವನು ಅದನ್ನು ನೋಡಿದ್ದೇ ಇಲ್ಲ. ಗೋಪುರದಡಿ ನಿಂತವನಿಗೆ ಕಾಣುವುದು ಬತ್ತಿ ಮತ್ತು ಹೊಗೆ.

ಕೆಳಗಿನ ಸಾಲುಗಳ ಹೂವಿನ, ಕೋಳಿಯ ಆಕಾರದ ಚಕ್ರಗಳು ಕಿಡಿ ಕಾರುತ್ತ ಒಂದೂ ತಪ್ಪದೆ ಸುತ್ತಿದವು. ಪಕ್ಕದಲ್ಲಿದ್ದ, ಜೋಳದ ಕಡುಬಿನಂಥ ತಮಾಲೆ ಮಾರುವ ಎವುಫ್ರೋಸೀನಾ ಮಾತ್ರ ತನ್ನ ಅಳಿಯನ ಮೇಕೆಯ ಕಥೆ ನಿಲ್ಲಿಸಲಿಲ್ಲ. ಬಾಯಿ ಮುಚ್ಚಿ ನೋಡು ಎಂದು ಅವನು ಗದರಿದ.

"ಅದರ ಪಾಡಿಗೆ ಅದು ತಿರುಗ್ತಾ ಇದೆಯಲ್ಲ ಮಾರಾಯ, ಇನ್ನೇನು ನೋಡೋದು?" ಎಂದಳು.

ಅಷ್ಟರಲ್ಲಿ ಮೂರನೆಯ ಸಾಲಿನ ಗುಬ್ಬಿಯ ಚಕ್ರಕ್ಕೆ ಬೆಂಕಿ ಹತ್ತಿತು. ಚಕ್ರ ಅಲುಗಲಿಲ್ಲ. ನಿಂತಲ್ಲೇ ಕಿಡಿ ಉಗುಳಿತು. ಅಂಗಳದ ತುಂಬ ಸಿಳ್ಳೆ ಎದ್ದಿತು. ಮಾನ ಹೋಯಿತು ಎಂದುಕೊಂಡ ಫಿದೆನ್ಸಿಯೊ. ಆದರೆ ಎವುಫ್ರೋಸೀನಾ ಬುಟ್ಟಿ ಕೆಳಗಿಟ್ಟು ಎದ್ದು ನಿಂತಿದ್ದಳು. "ಏಳೋ ಸೋಂಬೇರಿ, ಹೆಂಡ್ತಿ ಕರೀತಿದಾಳೆ," ಎಂದು ಚಕ್ರಕ್ಕೆ ಕೂಗಿದಳು. ಪಾದ್ರಿಯೂ ಚಪ್ಪಾಳೆ ತಟ್ಟುತ್ತಿದ್ದ. ಯಾರೂ ಓಬ್ದೂಲಿಯಾಳನ್ನು ಬೈಯುತ್ತಿರಲಿಲ್ಲ. ಎಲ್ಲರೂ ಚಕ್ರವನ್ನೇ ಪುಸಲಾಯಿಸುತ್ತಿದ್ದರು, ನಗುತ್ತಿದ್ದರು.

ಓಬ್ದೂಲಿಯಾ ಉದ್ದನೆಯ ಗಳ ಎತ್ತಿಕೊಂಡು ಅವನತ್ತ ನೋಡಿದಳು. ನಿಂತ ಚಕ್ರವನ್ನು ತಕ್ಷಣ ತಿವಿಯಬೇಕು ಎಂಬುದು ಅವನೇ ಕಲಿಸಿದ ಪಾಠ. ಅವನು ನಗುವ ಜನರತ್ತ ಒಮ್ಮೆ ನೋಡಿ, ಪಟ್ಟಿ ಕಟ್ಟಿದ ಕೈ ಎತ್ತಿ ಬೇಡವೆಂದ.

ಚಕ್ರಕ್ಕೆ ಕಟ್ಟಿದ್ದ ಮದ್ದಿನ ಕೊಳವೆಗಳಲ್ಲಿ ಮೊದಲನೆಯದು ಉರಿದು ಆರಿತು. ಕತ್ತಲು. ಎರಡನೆಯ ಕೊಳವೆ ಹತ್ತಿಕೊಂಡಾಗ ಚಕ್ರ ನಡುಗಿತು, ಚೂರು ಹಿಂದೆ ಜಾರಿತು, ಆಮೇಲೆ ಗಿರ್ರನೆ ತಿರುಗಿತು. ಆಗ ಎದ್ದ ಕೂಗಿನಂಥದ್ದನ್ನು ಅವನ ಯಾವ ಗೋಪುರವೂ ಕೇಳಿರಲಿಲ್ಲ. ಅದರಲ್ಲಿ ಅವನ ದನಿಯೂ ಸೇರಿತ್ತು.

ಎಲ್ಲ ಮುಗಿದ ಮೇಲೆ ಓಬ್ದೂಲಿಯಾ ಮಸಿ ಮೆತ್ತಿದ ಮುಖದಲ್ಲಿ ಬಂದು ನಿಂತಳು.

"ಬೆಳಿಗ್ಗೆ ಬಂದು ನನ್ನ ಸಾಮಾನು ತಗೊಂಡು ಹೋಗ್ತೀನಿ, ಮಾವ."

"ಸಾಮಾನು ಅಲ್ಲೇ ಬಿದ್ದಿರಲಿ. ಅದು ಯಾಕೆ ನಿಂತಿತು ಹೇಳು."

"ಚಕ್ರ ತಿರುಗೋ ಅಚ್ಚಿನ ಮೇಲೆ ಅಂಟು ಸೋರಿತ್ತು."

"ಎಷ್ಟು?"

ಅವಳು ಹೆದರುತ್ತಲೇ ಕಿರುಬೆರಳಿನ ತುದಿ ತೋರಿಸಿದಳು. ಫಿದೆನ್ಸಿಯೊ ಆ ಬೆರಳನ್ನು ದೀಪದ ಬೆಳಕಿಗೆ ಎಳೆದು, ಬಗ್ಗಿ, ಮುಂದಿನ ಹಬ್ಬದ ಚಕ್ರಕ್ಕೆ ಅಳತೆ ತೆಗೆದುಕೊಳ್ಳುವವನಂತೆ ಬಹಳ ಹೊತ್ತು ನೋಡಿದ.