ಎಲ್ಲಕ್ಕಿಂತ ಎತ್ತರದ ಕ್ರಿಸ್ಮಸ್ ಗಿಡ

ಬೆಳಗಾವಿಯ ಚರ್ಚಿಗೆ ಖಾನಾಪುರದಿಂದ ಕ್ರಿಸ್ಮಸ್ ಗಿಡ ಕಡಿದು ತರುವುದು ಅಪ್ಪನ ಕಾಲದಿಂದಲೂ ದೇವದಾನಪ್ಪನ ಮನೆತನದ ಹಕ್ಕು. ಹೋದ ವರ್ಷದ್ದಕ್ಕಿಂತ ಗೇಣಾದರೂ ಎತ್ತರದ್ದು ತರದಿದ್ದರೆ ಅವನಿಗೆ ಹಬ್ಬದೂಟವೇ ರುಚಿಸುತ್ತಿರಲಿಲ್ಲ.

ಎಂಬತ್ಮೂರನೇ ಇಸವಿಯ ಮಳೆಗಾಲದಲ್ಲಿ ಅವನು ಖಾನಾಪುರದ ಒಂದು ಕ್ರೈಸ್ತ ಬಳಗ ಸೇರಿದ. ದೇವರು ಮನುಷ್ಯನನ್ನು ತೋಟದಲ್ಲಿಟ್ಟದ್ದು ಅದನ್ನು ಕಾಯಲಿಕ್ಕೆ ಎಂದು ನಂಬಿದವರು ಅವರು. ಭಾನುವಾರ ಪ್ರಾರ್ಥನೆ ಮುಗಿಸಿ ಬೋಳುಗುಡ್ಡದಲ್ಲಿ ಸಸಿ ನೆಡುತ್ತಿದ್ದರು. ಸೇರುವವರು ಹಸಿ ಮರಕ್ಕೆ ಕೊಡಲಿ ಹಾಕುವುದಿಲ್ಲವೆಂದು ಮಾತು ಕೊಡಬೇಕಿತ್ತು. ದೇವದಾನಪ್ಪ ಎದೆಯುಬ್ಬಿಸಿ ಮಾತು ಕೊಟ್ಟ. ಕ್ರಿಸ್ಮಸ್ ಗಿಡದ ನೆನಪಾದದ್ದು ಡಿಸೆಂಬರ್ ಬಂದ ಮೇಲೆ.

ಹಬ್ಬದ ಹಿಂದಿನ ಸಂಜೆ ಅವನು ಬರಿಗೈಯಲ್ಲಿ ಚರ್ಚಿನೊಳಗೆ ಬಂದದ್ದು ಕಂಡು ಎಲ್ಲರೂ ಗುಸುಗುಸು ಶುರುಮಾಡಿದರು.

“ಗಿಡ ಎಲ್ಲೈತಿ, ದೇವದಾನಪ್ಪ?” ಎಂದು ಪಾದ್ರಿಗಳು ಕೇಳಿದರು.

“ಹೊರಗ ಬರ್ರಿ, ಅಯ್ಯನೋರ. ಎಲ್ಲಾರೂ ಬರ್ರಿ.”

ಅಂಗಳದ ಹಳೆಯ ಹುಣಸೆಮರದ ತುತ್ತತುದಿಯಲ್ಲಿ, ಬೆಳಿಗ್ಗೆ ಅವನೇ ಹತ್ತಿ ಕಟ್ಟಿದ್ದ ಬಣ್ಣದ ಕಾಗದದ ನಕ್ಷತ್ರ ಇಳಿಬಿಸಿಲಿಗೆ ಹೊಳೆಯುತ್ತಿತ್ತು. ಕತ್ತೆತ್ತಿ ನೋಡಿದ ಹೆಂಗಸರ ತಲೆಯ ಮೇಲಿನ ಸೆರಗು ಜಾರಿತು.

ದೇವದಾನಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತ.

“ಹೇಳ್ರಿ ಈಗ. ಇಷ್ಟು ಎತ್ತರದ್ದು ನಮ್ಮಪ್ಪನಾದ್ರೂ ತಂದಿದ್ನೇನ್ರಿ?”