ನಮ್ಮ ಮನೆ ತೂನಾಸ್ ಗುಡ್ಡದಲ್ಲೇ

ಲೀಮಾ ನಗರದ ದಕ್ಷಿಣದ ಅಂಚಿನಲ್ಲಿರುವ ತೂನಾಸ್ ಗುಡ್ಡದಲ್ಲಿ ಮಂಜಿನ ತಿಂಗಳು ಶುರುವಾಯಿತೆಂದರೆ ಪ್ರತಿಯೊಬ್ಬರಿಗೂ ಎರಡು ಜೊತೆ ಪಾದರಕ್ಷೆ ಬೇಕು. ಒಂದು ಗುಡ್ಡಕ್ಕೆ, ಇನ್ನೊಂದು ಪೇಟೆಗೆ. ಅಲ್ಲಿ ಮಳೆ ಅನ್ನುವಂಥದ್ದೇನೂ ಸುರಿಯುವುದಿಲ್ಲ. ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣ ತುಂತುರು ಬೆಳಗಿನಿಂದ ಸಂಜೆಯವರೆಗೆ ಉದುರುತ್ತಲೇ ಇರುತ್ತದೆ. ಮಣ್ಣಿನ ದಾರಿ ನೆನೆದು ಕೆಸರಾಗುತ್ತದೆ. ಬಸ್ಸು ಮೇಲೆ ಬರುವ ಮಾತೇ ಇಲ್ಲ, ಮೋಟೋ ರಿಕ್ಷಾ ಕೂಡ ಅರ್ಧ ದಾರಿಗೆ ನಿಂತುಬಿಡುತ್ತದೆ.

ಗುಡ್ಡದ ಬುಡದಲ್ಲಿ ಕಾಸಿಲ್ದಾಳ ಅಂಗಡಿಯಿದೆ. ಅದರ ಹಿಂಗೋಡೆಯ ಉದ್ದಕ್ಕೂ ಆಕೆ ಹಲಗೆ ಹೊಡೆಸಿದ್ದಾಳೆ. ಕೆಲಸಕ್ಕೆ ಇಳಿಯುವವರು ಕೆಸರಿನ ರಬ್ಬರ್ ಬೂಟು ಕಳಚಿ ಆ ಹಲಗೆಯ ಮೇಲಿಡುತ್ತಾರೆ, ಚೀಲದಿಂದ ಒಳ್ಳೆಯ ಶೂ ತೆಗೆದು ಹಾಕಿಕೊಳ್ಳುತ್ತಾರೆ, ಬಸ್ಸು ಹತ್ತುತ್ತಾರೆ. ಸಂಜೆ ಬಂದು ಅದಲುಬದಲು. ಶೂ ಬದಲಾಯಿಸಿದ ಮೇಲೆ ಯಾರೂ ತೂನಾಸ್ ಗುಡ್ಡದವರಲ್ಲ.

ಎರ್ಮೆಲಿಂದಾ ಹೀಗೆ ಶೂ ಬದಲಾಯಿಸಲು ಶುರುಮಾಡಿ ಎಂಟು ವರ್ಷವಾಗಿತ್ತು. ಸಮುದ್ರದ ಕಡೆಯ ಒಂದು ದೊಡ್ಡ ಮನೆಯಲ್ಲಿ ಆಕೆ ಅಡುಗೆ ಮಾಡುತ್ತಾಳೆ. ಅದಕ್ಕೂ ಮೊದಲು ಕೆಲಸ ಮಾಡಿದ್ದ ಮನೆಯೊಡತಿ ಅವಳ ಬೂಟು ನೋಡಿ, "ನೀನು ಗುಡ್ಡದವಳಾ? ಹೇಳಲೇ ಇಲ್ವಲ್ಲ" ಎಂದವಳು ಮಾರನೆಯ ದಿನ ಬಾಗಿಲು ತೆರೆದಿರಲಿಲ್ಲ. ಅಂದಿನಿಂದ ಎರ್ಮೆಲಿಂದಾಳಿಗೆ ಬುದ್ಧಿ ಬಂತು. ಯಾರೇ ಕೇಳಲಿ, ತನ್ನ ಮನೆ ಸುರ್ಕೀಯೊದಲ್ಲಿ ಎನ್ನುತ್ತಿದ್ದಳು. ಸುರ್ಕೀಯೊ ಪೇಟೆಯ ಮಧ್ಯದಲ್ಲಿದೆ, ಅಲ್ಲಿ ಅವಳ ಸೋದರತ್ತೆಯ ಮಗಳು ಇದ್ದಾಳೆ. ಇರುವವಳು ಅವಳು, ವಿಳಾಸ ಇವಳದು.

ಒಂದು ಭಾನುವಾರ ಗುಡ್ಡದ ಸಮುದಾಯದ ಅಡುಗೆಮನೆಗೆ ನಗರದ ಸಾರಿಗೆ ಯೋಜನೆ ಕಚೇರಿಯಿಂದ ಗ್ರಿಸೆಲ್ದಾ ಎಂಬ ಎಂಜಿನಿಯರ್ ಬಂದಳು. ಅಡುಗೆಮನೆಯ ಯಜಮಾನಿಕೆ ದೊಮಿತಿಲಾಳದು. ಎರ್ಮೆಲಿಂದಾಳ ಮಗಳು ಯೆಸೇನಿಯಾಳ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು ಆಕೆ. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ, ಅಂದರೆ ಜೊತೆತಾಯಿ, ಎಂದು ಕರೆಯುತ್ತಾರೆ. ಅಂದು ಬೇಳೆ ಸಾರು ಕುದಿಯುತ್ತಿತ್ತು. ಗ್ರಿಸೆಲ್ದಾ ಗೋಡೆಗೆ ದೊಡ್ಡ ನಕ್ಷೆ ಅಂಟಿಸಿದಳು.

"ಇದು ಮುಂದಿನ ಇಪ್ಪತ್ತೈದು ವರ್ಷಕ್ಕೆ ಮಾಡ್ತಿರೋ ಯೋಜನೆ. ಮೆಟ್ರೋ ಎಲ್ಲಿ ಓಡ್ಬೇಕು, ದೊಡ್ಡ ಬಸ್ಸು ಎಲ್ಲಿ, ಗುಡ್ಡಗಳಿಗೆ ಕೇಬಲ್ ಕಾರ್ ಎಲ್ಲಿ, ಎಲ್ಲಾ ಈಗ್ಲೇ ಗೆರೆ ಹಾಕ್ತೀವಿ" ಎಂದಳು.

ಎರ್ಮೆಲಿಂದಾಳ ಗಂಡ ಅಬೆಲಾರ್ದೊ ಬಾಗಿಲಿಗೆ ಒರಗಿ ನಿಂತಿದ್ದ. ಮೋಟೋ ರಿಕ್ಷಾ ಓಡಿಸುವವನು. "ಇಪ್ಪತ್ತೈದು ವರ್ಷಾನಾ? ಅಷ್ಟೊತ್ತಿಗೆ ನನ್ನ ಮೋಟೋ ಹಾಗಿರ್ಲಿ, ನಾನೇ ಗುಜರಿಗೆ ಹೋಗಿರ್ತೀನಿ" ಎಂದ. ಎಲ್ಲರೂ ನಕ್ಕರು. ಗ್ರಿಸೆಲ್ದಾ ಕೂಡ ನಕ್ಕಳು.

ನಕ್ಷೆಯಲ್ಲಿ ಜನ ಹೆಚ್ಚು ಹೊರಡುವ ಜಾಗಕ್ಕೆ ಕಡು ನೀಲಿ, ಕಡಿಮೆ ಹೊರಡುವ ಜಾಗಕ್ಕೆ ತಿಳಿ ನೀಲಿ ಬಳಿದಿತ್ತು. ತೂನಾಸ್ ಗುಡ್ಡ ಇರಬೇಕಾದ ಕಡೆ ಬಣ್ಣವೇ ಇರಲಿಲ್ಲ. ಬಸ್ಸಿನ ಗೆರೆ ಗುಡ್ಡದ ಬುಡದ ಸ್ಮಶಾನದ ಗೇಟಿನ ತನಕ ಬಂದು ನಿಂತುಬಿಟ್ಟಿತ್ತು.

"ಸತ್ತೋರಿಗೆ ಬಸ್ಸಿದೆ, ನಮಗಿಲ್ಲ" ಎಂದಳು ದೊಮಿತಿಲಾ. "ಯಾಕಮ್ಮಾ, ನಾವು ಮನುಷ್ಯರ ಲೆಕ್ಕಕ್ಕಿಲ್ವಾ?"

"ನಾವು ಸುಮ್ನೆ ಬಿಟ್ಟಿಲ್ಲ, ಅಮ್ಮಾ. ಬಸ್ ಸ್ಟಾಪುಗಳಲ್ಲಿ ನಿಂತು, ಬೆಳಗ್ಗೆ ಎಲ್ಲಿಂದ ಹೊರಟ್ರಿ, ಎಲ್ಲಿಗೆ ಹೋಗ್ತಿದೀರಿ ಅಂತ ಸಾವಿರಾರು ಜನರನ್ನ ಕೇಳಿದೀವಿ. ತೂನಾಸ್ ಗುಡ್ಡದಿಂದ ಅಂದೋರು ಬೆರಳೆಣಿಕೆ ಜನ. ಜನ ಇಲ್ಲದ ಕಡೆಗೆ ಗೆರೆ ಎಳೆಯೋಕೆ ಆಗಲ್ವಲ್ಲ."

ದೊಮಿತಿಲಾ ಸೌಟು ಹಿಡಿದುಕೊಂಡೇ ಜನರ ಕಡೆ ತಿರುಗಿದಳು.

"ಯಾರ್ಯಾರು ಏನೇನ್ ಹೇಳಿ ಬಂದಿದೀರಿ, ಬಾಯಿ ಬಿಡಿ ನೋಡೋಣ."

ಒಬ್ಬ ಗಾರೆ ಕೆಲಸದವನು ತಲೆ ಕೆರೆದುಕೊಂಡು, "ಮಾರ್ಕೆಟ್ ಹಿಂದೆ ಅಂದೆ" ಎಂದ. ಇನ್ನೊಬ್ಬಳು ತಂಗಿಯ ಮನೆ ಹೇಳಿದ್ದಳು. ಮತ್ತೊಬ್ಬಳು ಗುಡ್ಡದ ಹೆಸರೇ ಕೇಳಿಲ್ಲ ಎಂದು ಹೇಳಿ ಬಂದಿದ್ದಳಂತೆ. ನಗು ಎದ್ದಿತು. ಆಗ ಮೂಲೆಯಿಂದ ಯೆಸೇನಿಯಾ, "ನಾನು ಸುರ್ಕೀಯೊ ಅಂದೆ. ಕಾಲೇಜಲ್ಲೂ ಹಾಗೇ ಹೇಳಿದೀನಿ. ಹಾಗೇ ಹೇಳ್ಬೇಕು ಅಂತ ಅಮ್ಮ ಹೇಳ್ಕೊಟ್ಟಿದಾಳಲ್ಲ" ಎಂದಳು.

ಅವಳ ದನಿಯಲ್ಲಿ ದೂರು ಇರಲಿಲ್ಲ. ನೀರು ಕುದಿಸಿ ಕುಡಿಯಬೇಕು ಅಂತ ಅಮ್ಮ ಹೇಳಿಕೊಟ್ಟಿದ್ದಾಳೆ ಅನ್ನುವ ಹಾಗೆ ಹೇಳಿದಳು. ಎರ್ಮೆಲಿಂದಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನರ್ಸಿಂಗ್ ಓದುವ ಮಗಳು, ನಾಳೆ ನಾಲ್ಕು ಜನಕ್ಕೆ ಇಂಜೆಕ್ಷನ್ ಕೊಡುವವಳು. ಹುಟ್ಟಿದ ಗುಡ್ಡವನ್ನು ಮುಚ್ಚಿಡುವುದನ್ನು ಅವಳಿಗೆ ತಾನೇ ಕಲಿಸಿದ್ದಳು.

ಆದರೂ ಎರ್ಮೆಲಿಂದಾ ಬಿಟ್ಟುಕೊಡಲಿಲ್ಲ. "ನಿಜ ಹೇಳಿದ್ರೆ ಕೆಲಸ ಹೋಗತ್ತೆ, ಎಂಜಿನಿಯರಮ್ಮ. ನಿಮ್ಮ ನಕ್ಷೆ ನನ್ನ ಒಲೆ ಉರಿಸಲ್ಲ."

"ಸಮೀಕ್ಷೆಯಲ್ಲಿ ಹೇಳಿದ್ದನ್ನ ನಿಮ್ಮ ಹೆಸರಿನ ಜೊತೆ ನಾವು ಯಾರಿಗೂ ಕೊಡಲ್ಲ. ಮತ್ತೆ ಕೇಳ್ತೀವಿ, ಈ ಸಲ ನಿಜ ಹೇಳಿ. ಅಷ್ಟೇ ಅಲ್ಲ, ಮುಂದಿನ ಶನಿವಾರ ಪೇಟೆಯಲ್ಲಿ ಸಾರ್ವಜನಿಕ ಸಭೆ ಇದೆ. ಕರಡು ನಕ್ಷೆ ಮೇಲೆ ಯಾರು ಬೇಕಾದ್ರೂ ಮಾತಾಡ್ಬೋದು. ಆದ್ರೆ ಅಲ್ಲಿ ಹೆಸರು, ಊರು ಹೇಳಿ ಮಾತಾಡ್ಬೇಕು. ಅದು ಮುಗಿದ ಮೇಲೆ ನಕ್ಷೆ ಗಟ್ಟಿ ಆಗತ್ತೆ. ಮತ್ತೆ ತಿದ್ದೋಕೆ ವರ್ಷಗಟ್ಟಲೆ ಕಾಯ್ಬೇಕು."

"ತಿದ್ದಿದ್ರೂ ಆ ಕೇಬಲ್ ಬಂಡಿ ಬರೋದು ಯಾವಾಗ? ನನ್ನ ಮಂಡಿ ಸವೆದ್ಮೇಲೆ" ಎಂದಳು ಎರ್ಮೆಲಿಂದಾ.

ಇದಕ್ಕೆ ಉತ್ತರ ಕೊಟ್ಟಿದ್ದು ದೊಮಿತಿಲಾ. "ಕೊಮಾದ್ರೆ, ಮರ್ತೋಯ್ತಾ? ನಾವು ಇಲ್ಲಿಗೆ ಚಾಪೆ ಹೊತ್ಕೊಂಡು ಬಂದ ದಿನ ಸುಣ್ಣದಲ್ಲಿ ಗೆರೆ ಹಾಕಿ ಜಾಗ ಹಂಚ್ಕೊಂಡ್ವಲ್ಲ. ಆವತ್ತು ನಡುವೆ ಒಂದು ಪಟ್ಟಿ ಖಾಲಿ ಬಿಡಿ, ಮುಂದೆ ಮೆಟ್ಟಿಲು ಬರತ್ತೆ ಅಂದೆ. ನೀನೇ ನನ್ನ ಬೈದೆ. ತಲೆ ಮೇಲೆ ಸೂರಿಲ್ಲ, ಇವಳಿಗೆ ಮೆಟ್ಟಿಲಂತೆ ಅಂದೆ."

"ಅಂದೆ" ಎಂದಳು ಎರ್ಮೆಲಿಂದಾ.

"ಸಿಮೆಂಟಿನ ಮೆಟ್ಟಿಲು ಬಂದಿದ್ದು ಎಷ್ಟೋ ವರ್ಷ ಆದ್ಮೇಲೆ. ಎಲ್ಲಿ ಬಂತು? ಬಿಟ್ಟಿದ್ದ ಜಾಗದಲ್ಲೇ. ಪಕ್ಕದ ಗುಡ್ಡದೋರು ಜಾಗ ಬಿಡ್ಲಿಲ್ಲ. ಇವತ್ತಿಗೂ ಬಸುರಿ ಹೆಂಗಸ್ರನ್ನ ಕಂಬಳೀಲಿ ಹೊತ್ಕೊಂಡು ಇಳೀತಾರೆ. ಆವತ್ತು ನಾನೇನ್ ಜಾಣೆ ಅಲ್ಲ. ನಮ್ಮ ಹಳ್ಳೀಲಿ ನೀರಿನ ಕಾಲುವೆಗೆ ಜಾಗ ಬಿಟ್ಟು ಹೊಲ ಮಾಡ್ತಿದ್ರು, ಅದನ್ನ ನೋಡಿದ್ದೆ ಅಷ್ಟೇ."

ಗ್ರಿಸೆಲ್ದಾ ತಲೆಯಾಡಿಸಿದಳು. "ನಾವು ಮಾಡೋದೂ ಅದೇ ಕೆಲಸ. ಈಗ ಗೆರೆ ಬಿದ್ರೆ ನಿಲ್ದಾಣದ ಜಾಗ, ಕಂಬದ ಜಾಗ ಉಳಿಯತ್ತೆ, ಯಾರೂ ಮಾರ್ಕೊಳ್ಳೋಕಾಗಲ್ಲ. ಗೆರೆ ಬೀಳ್ಲಿಲ್ಲ ಅಂದ್ರೆ ದುಡ್ಡು ಬಂದಾಗ ಜಾಗ ಇರಲ್ಲ."

"ಕೇಬಲ್ ಕಾರ್ ಬಂದ್ರೆ ನನ್ನ ಮೋಟೋ ಹತ್ತೋರ್ಯಾರು?" ಅಬೆಲಾರ್ದೊ ಕೇಳಿದ.

"ನಿಲ್ದಾಣದಿಂದ ಪಕ್ಕದ ಓಣಿಗಳಿಗೆ ಹೋಗೋರು. ಮೋಟೋ ನಿಲ್ಲೋ ಜಾಗವೂ ಯೋಜನೆಯಲ್ಲಿ ಇರ್ಬೇಕು. ಅದನ್ನೂ ನೀವೇ ಬಂದು ಕೇಳ್ಬೇಕು."

ಅಬೆಲಾರ್ದೊ ಗೊಣಗಿದ, ಆದರೆ ಬಾಗಿಲು ಬಿಟ್ಟು ಒಳಗೆ ಬಂದು ನಕ್ಷೆಯ ಹತ್ತಿರ ನಿಂತ.

ಸೋಮವಾರ ಬೆಳಿಗ್ಗೆ ಗ್ರಿಸೆಲ್ದಾ ಕಾಸಿಲ್ದಾಳ ಅಂಗಡಿಯ ಮುಂದೆ ನಿಂತಿದ್ದಳು, ಕೈಯಲ್ಲಿ ಬಿಸಿ ಕ್ವಿನೋವಾ ಗಂಜಿಯ ಲೋಟ. ಎರ್ಮೆಲಿಂದಾ ಬೂಟು ಕಳಚುವ ಹೊತ್ತಿಗೆ ಹಲಗೆಗಳೆಲ್ಲ ತುಂಬಿ, ಬೂಟುಗಳು ನೆಲದ ಮೇಲೂ ಸಾಲು ಹಿಡಿದಿದ್ದವು. ಪ್ರತಿ ಜೊತೆಯ ಒಳಗೂ ಹೆಸರಿನ ಚೀಟಿ.

"ಇಷ್ಟು ಬೂಟು ನೋಡಿದ ಮೇಲೆ ಗುಡ್ಡದಲ್ಲಿ ಜನ ಇಲ್ಲ ಅಂತ ನಾನಂತೂ ಹೇಳಲ್ಲ" ಎಂದಳು ಗ್ರಿಸೆಲ್ದಾ. "ಆದ್ರೆ ಬೂಟು ಬಿಟ್ಟೋರು ಇಲ್ಲಿಂದ ಎಲ್ಲಿಗೆ ಹೋದ್ರು ಅಂತ ಬೂಟು ಹೇಳಲ್ವಲ್ಲ. ನೀವೇ ಹೇಳ್ಬೇಕು."

ಎರ್ಮೆಲಿಂದಾ ಶೂ ಹಾಕಿಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಮಗಳ ದನಿಯೇ ಕೇಳುತ್ತಿತ್ತು. ಸಭೆಯಲ್ಲಿ ಮಾತಾಡುವುದೇ ಆದರೆ ತಾನು ಅಡುಗೆ ಮಾಡುವ ಮನೆಯೊಡತಿ ಸೆನ್ಯೋರಾಳಿಗೆ ಅದು ಬೇರೆ ಯಾರಿಂದಲೋ ತಿಳಿಯಬಾರದು. ಇಷ್ಟನ್ನು ಗಟ್ಟಿ ಮಾಡಿಕೊಂಡೇ ಬಸ್ಸಿನಿಂದ ಇಳಿದಳು.

ಊಟ ಬಡಿಸಿದ ಮೇಲೆ ಹೇಳಿದಳು. "ಸೆನ್ಯೋರಾ, ನಾನಿರೋದು ಸುರ್ಕೀಯೊದಲ್ಲಲ್ಲ. ತೂನಾಸ್ ಗುಡ್ಡದಲ್ಲಿ. ಶನಿವಾರ ನಂಗೆ ರಜಾ ಬೇಕು, ಸಭೆಗೆ ಹೋಗ್ಬೇಕು."

ಸೆನ್ಯೋರಾ ಫೋರ್ಕು ಕೆಳಗಿಟ್ಟಳು. "ಎಂಟು ವರ್ಷ ಸುಳ್ಳು ಹೇಳಿದ್ಯಾ?"

"ಹೇಳಿದೆ. ಎಂಟು ವರ್ಷ ಕೆಲಸಕ್ಕೂ ಬಂದಿದೀನಿ. ನಿಜ ಹೇಳಿದ್ರೆ ಸೇರಿಸ್ಕೊಳ್ತಿದ್ರಾ?"

ಸೆನ್ಯೋರಾ ತಟ್ಟೆ ಸರಿಸಿ ಎದ್ದು ಹೋದಳು. ಸಂಜೆ ಎರ್ಮೆಲಿಂದಾ ಹೊರಡುವಾಗ ಊಟದ ಕೋಣೆಯಲ್ಲಿ ಡ್ರಾಯರ್ ಎಳೆದ ಸದ್ದು, ಬೆಳ್ಳಿ ಚಮಚಗಳನ್ನು ಒಂದೊಂದಾಗಿ ಎಣಿಸುವ ಸದ್ದು ಕೇಳಿಸಿತು. ಬಸ್ಸಿನಲ್ಲಿ ಅತ್ತಳು. ಅಳು ನಿಂತಾಗ ಒಳಗಿದ್ದ ಹೆದರಿಕೆಯೂ ಅರ್ಧ ಖಾಲಿಯಾಗಿತ್ತು. ಎಣಿಸಿಕೊಳ್ಳಲಿ, ಒಂದೂ ಕಡಿಮೆ ಬರುವುದಿಲ್ಲವಲ್ಲ.

ಮಾರನೆಯ ದಿನ ಬಾಗಿಲು ತೆರೆಯಿತು. ಸೆನ್ಯೋರಾ ಅವಳ ಮುಖ ನೋಡಲಿಲ್ಲ. "ಶನಿವಾರ ಹೋಗ್ಬಾ. ಸೋಮವಾರ ತಪ್ಪಿಸ್ಬೇಡ" ಎಂದಷ್ಟೇ ಹೇಳಿದಳು. ಹಳೆಯ ಸಲಿಗೆ ಮತ್ತೆ ಬರಲಿಲ್ಲ, ಕೆಲಸವೂ ಹೋಗಲಿಲ್ಲ.

ಶನಿವಾರ ಗುಡ್ಡದಿಂದ ದೊಡ್ಡ ಗುಂಪೇ ಇಳಿಯಿತು. ಎಲ್ಲರೂ ರೂಢಿಯಂತೆ ಕಾಸಿಲ್ದಾಳ ಅಂಗಡಿಯಲ್ಲಿ ಬೂಟು ಕಳಚಲು ಬಗ್ಗಿದರು. ಎರ್ಮೆಲಿಂದಾ ಒಂದು ಬೂಟಿಗೆ ಕೈ ಹಾಕಿದವಳು ಹಾಗೇ ನಿಂತಳು.

"ಇವತ್ತು ಬದಲಾಯಿಸೋದು ಬೇಡ" ಎಂದಳು.

"ಈ ಕೆಸರಲ್ಲೇನಾ?" ಅಬೆಲಾರ್ದೊ ಬೆಚ್ಚಿದ. "ನಗ್ತಾರೆ ಕಣೇ."

"ನಗ್ಲಿ. ನಕ್ಷೆಗೆ ಬಣ್ಣ ಹಚ್ಚೋಕೆ ಜನಾನೇ ಕಾಣ್ಲಿಲ್ಲ ಅಂದ್ರಲ್ಲ. ಇವತ್ತು ಕಾಣ್ಲಿ."

ಯೆಸೇನಿಯಾ ಕೈಯಲ್ಲಿದ್ದ ಬಿಳಿ ಶೂಗಳನ್ನು ಮೊದಲು ಹಲಗೆಯ ಮೇಲಿಟ್ಟಳು. ಆಮೇಲೆ ಒಬ್ಬೊಬ್ಬರೂ ಇಟ್ಟರು. ಅಂದು ಕಾಸಿಲ್ದಾಳ ಅಂಗಡಿಯಲ್ಲಿ ಪೇಟೆಯ ಶೂಗಳು ಉಳಿದವು, ಗುಡ್ಡದ ಬೂಟುಗಳು ಪೇಟೆಗೆ ಹೊರಟವು. ಬಸ್ಸಿನ ಕಂಡಕ್ಟರು, "ಏನ್ರೀ, ಅರ್ಧ ಗುಡ್ಡಾನೇ ಕಾಲಿಗೆ ಕಟ್ಕೊಂಡ್ ಬಂದಿದೀರಾ?" ಎಂದು ಛೇಡಿಸಿದ. "ಇನ್ನರ್ಧ ಹಿಂದಿನ ಬಸ್ಸಲ್ಲಿದೆ" ಎಂದಳು ದೊಮಿತಿಲಾ.

ಸಭಾಂಗಣದ ಬಾಗಿಲಲ್ಲಿ ಕಾವಲುಗಾರ ಅಡ್ಡ ಬಂದು ಕಾಲು ಒರೆಸಿಕೊಳ್ಳಿ ಎಂದ. ಎರ್ಮೆಲಿಂದಾ ವಿನಯದಿಂದಲೇ, "ಒರೆಸ್ಕೊಂಡ್ರೆ ನಾವು ಎಲ್ಲಿಂದ ಬಂದ್ವಿ ಅಂತ ಒಳಗಿನೋರಿಗೆ ತಿಳಿಯಲ್ಲಪ್ಪ" ಎಂದು ಮುಂದೆ ಹೋದಳು. ಹೊಳೆಯುವ ನೆಲದ ಮೇಲೆ ಕೆಂಪು ಕೆಸರಿನ ಹೆಜ್ಜೆಗಳು ಬಾಗಿಲಿನಿಂದ ನಕ್ಷೆಯ ತನಕ ಸಾಲಾಗಿ ಮೂಡಿದವು.

ಮೈಕಿನ ಮುಂದೆ ನಿಂತು ಅವಳು ಗಟ್ಟಿ ದನಿಯಲ್ಲಿ ಹೇಳಿದಳು. "ನನ್ನ ಹೆಸರು ಎರ್ಮೆಲಿಂದಾ. ನಮ್ಮ ಮನೆ ತೂನಾಸ್ ಗುಡ್ಡದಲ್ಲೇ. ಇಷ್ಟು ವರ್ಷ ಬೇರೆ ಕಡೆ ಅಂತ ಹೇಳ್ಕೊಂಡು ಬಂದೆ, ನಕ್ಷೆಯಿಂದ ನಮ್ಮನ್ನ ಅಳಿಸಿದ್ರಲ್ಲಿ ನನ್ನ ಕೈಯೂ ಇದೆ. ಬೆಳಗ್ಗೆ ನಾನು ಸಮುದ್ರದ ಕಡೆ ಅಡುಗೆ ಕೆಲಸಕ್ಕೆ ಹೋಗ್ತೀನಿ. ನನ್ನ ಮಗಳು ನರ್ಸಿಂಗ್ ಕಾಲೇಜಿಗೆ ಹೋಗ್ತಾಳೆ. ನಮ್ಮ ಕೊಮಾದ್ರೆ ಗ್ಯಾಸ್ ಸಿಲಿಂಡರು ಬೆನ್ನ ಮೇಲೆ ಹೊತ್ಕೊಂಡು ಹತ್ತುತ್ತಾಳೆ. ಕಾಯಿಲೆ ಬಂದೋರನ್ನ ನಾವು ಕೈಯಲ್ಲಿ ಎತ್ಕೊಂಡು ಇಳೀತೀವಿ. ನಾಳೇನೇ ಬಂಡಿ ಕೊಡಿ ಅಂತ ಕೇಳ್ತಿಲ್ಲ. ಇವತ್ತು ಗೆರೆ ಹಾಕಿ, ಜಾಗ ಉಳಿಸಿ. ನಾನು ಹತ್ತದಿದ್ರೂ ನನ್ನ ಮಗಳು ಹತ್ತಲಿ."

ಅವಳ ಹಿಂದೆ ಯೆಸೇನಿಯಾ ಎದ್ದು ತನ್ನ ಹೆಸರು ಹೇಳಿದಳು, ಗುಡ್ಡದ ಹೆಸರು ಹೇಳಿದಳು. ಆಮೇಲೆ ಗಾರೆ ಕೆಲಸದವನು. ಕೊನೆಗೆ ಅಬೆಲಾರ್ದೊ ಮೋಟೋ ನಿಲ್ದಾಣದ ಜಾಗ ಕೇಳಿದ, ಕೇಳಿದ್ದನ್ನೇ ಎರಡು ಸಲ ಕೇಳಿದ.

ಬಂಡಿ ಇನ್ನೂ ಬಂದಿಲ್ಲ. ಆದರೆ ಮತ್ತೆ ನಡೆಸಿದ ಸಮೀಕ್ಷೆಯ ನಂತರದ ನಕ್ಷೆಯಲ್ಲಿ ತೂನಾಸ್ ಗುಡ್ಡ ಕಡು ನೀಲಿಯಾಗಿದೆ. ಸ್ಮಶಾನದ ಗೇಟಿನಿಂದ ಮೇಲಕ್ಕೆ ಒಂದು ಚುಕ್ಕಿ ಗೆರೆ ಹತ್ತಿ, ಫುಟ್‌ಬಾಲ್ ಅಂಗಳದ ಪಕ್ಕದ ಖಾಲಿ ಜಾಗದಲ್ಲಿ ನಿಂತಿದೆ. ಆ ಜಾಗವನ್ನು ಮಾರುವಂತಿಲ್ಲ. ಚುಕ್ಕಿ ಗೆರೆ ಗಟ್ಟಿ ಗೆರೆಯಾಗುವ ತನಕ ಪ್ರತಿ ಸಭೆಗೂ ಹೋಗುವುದೆಂದು ಗುಡ್ಡದವರು ಪಾಳಿ ಹಾಕಿಕೊಂಡಿದ್ದಾರೆ. ಮೊದಲ ಪಾಳಿ ಅಬೆಲಾರ್ದೊನದು. ಗುಜರಿಯ ಮಾತು ಅವನು ಮತ್ತೆ ಎತ್ತಿಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಬಸ್ ಸ್ಟಾಪಿನಲ್ಲೂ ಒಂದು ದಿನ ಯಾರೋ ಬಂದು, ಎಲ್ಲಿಂದ ಹೊರಟಿರಿ, ಎಲ್ಲಿಗೆ ಹೋಗುತ್ತೀರಿ ಎಂದು ಕೇಳಬಹುದು. ಅವಸರದಲ್ಲಿದ್ದರೂ ನಿಂತು ಉತ್ತರ ಕೊಡಿ. ಕೆಲಸಕ್ಕೆ ಹೋಗುವುದನ್ನಷ್ಟೇ ಅಲ್ಲ, ಮಗುವನ್ನು ಶಾಲೆಗೆ ಬಿಡುವುದು, ಆಸ್ಪತ್ರೆಗೆ ಓಡುವುದು, ಸಂತೆಗೆ ಹೋಗುವುದು, ಎಲ್ಲವನ್ನೂ ಹೇಳಿ. ಕರಡು ನಕ್ಷೆಯ ಸಭೆ ಇದ್ದರೆ ಮನೆಮಂದಿಯೆಲ್ಲ ಹೋಗಿ. ಇಪ್ಪತ್ತೈದು ವರ್ಷದ ಮಾತು ನಮಗೇಕೆ ಎನ್ನಬೇಡಿ, ಇಪ್ಪತ್ತೈದು ವರ್ಷದ ಮೇಲೂ ನಿಮ್ಮ ಮಕ್ಕಳು ಎಲ್ಲಿಗಾದರೂ ಹೋಗಲೇಬೇಕು. ಎಲ್ಲಕ್ಕಿಂತ ಮೊದಲು, ನಿಮ್ಮ ಮನೆ ಎಲ್ಲಿದೆಯೋ ಅಲ್ಲಿದೆ ಎಂದು ಹೇಳಿ. ಕಾಲಿನ ಕೆಸರು ಆಮೇಲೆ ತೊಳೆದುಕೊಳ್ಳಬಹುದು.