ಅಳತೆ ಬಾಯಲ್ಲಿ ಹೇಳಬಾರದು

ಆ ಟೈಲರ್ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು. ಅಳತೆಯನ್ನು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಟೇಪು ಸುತ್ತಬೇಕು, ಅಂಕಿ ನೋಡಬೇಕು, ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಅಷ್ಟೇ. ಬೇರೆ ಅಂಗಡಿಗಳಲ್ಲಿ ಒಬ್ಬರು ಅಳೆದು ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಅಳತೆ ಕೊಡಲು ಬಂದವಳು ಪಾಪ, ಉಸಿರು ಬಿಗಿಹಿಡಿದು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿರುತ್ತಾಳೆ. "ಒಬ್ಬರ ಸೊಂಟದ ಸುದ್ದಿ ಇನ್ನೊಬ್ಬರ ಕಿವಿಗೆ ಯಾಕೆ?" ಅಂತ ಅಂಗಡಿಯೊಡತಿ ಟೈಲರಮ್ಮನಿಗೆ ಕೆಲಸ ಕಲಿಸಿದ ಮುದುಕ ಹೇಳಿದ್ದ. ಇಪ್ಪತ್ತೆರಡು ವರ್ಷದಿಂದ ಅವಳು ಆ ಮಾತು ಮೀರಿರಲಿಲ್ಲ. ಹೆರಿಗೆಯಾಗಿ ಮೈ ತುಂಬಿದವರು, ಕಾಯಿಲೆ ಬಿದ್ದು ಇಳಿದುಹೋದವರು, ಬೆನ್ನು ಬಾಗಿದ ಅಜ್ಜಿಯರು, ಎಲ್ಲರೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದುದು ಅದಕ್ಕೇ.

ಇಂಥ ಟೈಲರಮ್ಮನಿಗೂ ಒಂದು ಚಟವಿತ್ತು. ಹತ್ತನೇ ವಯಸ್ಸಿನಲ್ಲಿ ಅವಳು ಒಂದು ಕಾದಂಬರಿ ಓದಿದ್ದಳು. ಅಮ್ಮನಿಗೆ ಜ್ವರ ಏರಿದಾಗ, ಉಕ್ಕುವ ಹೊಳೆಯನ್ನು ಒಬ್ಬಳೇ ದಾಟಿ ಡಾಕ್ಟರನ್ನು ಕರೆತರುವ ದೋಣಿ ಹುಡುಗಿಯ ಕಥೆ. ಈಗ ಅದೇ ಕಥೆ ಕಾರ್ಟೂನ್ ಸರಣಿಯಾಗಿ ಶನಿವಾರ ಶನಿವಾರ ಬರುತ್ತಿತ್ತು. ಅದರ ಅಭಿಮಾನಿಗಳದೊಂದು ಗುಂಪು ಫೋನಿನಲ್ಲಿತ್ತು. ಅಲ್ಲಿ ಟೈಲರಮ್ಮನ ಹೆಸರು 'ಕತ್ತರಿ'. ಮಧ್ಯಾಹ್ನ ಊಟ ಮುಗಿಸಿ, ಅಂಗಡಿಯ ಬಾಗಿಲು ಓರೆ ಮಾಡಿ ಕುಳಿತಳೆಂದರೆ ಸರಣಿಯವರ ಗ್ರಹಚಾರ ಬಿಡಿಸಿಬಿಡುತ್ತಿದ್ದಳು.

ಅವಳ ಸಿಟ್ಟೆಲ್ಲ ಸುಳ್ಳಲ್ಲ. ಅಮ್ಮನ ಜ್ವರದ ಅಧ್ಯಾಯವನ್ನೇ ಸರಣಿಯವರು ಹಾರಿಸಿದ್ದರು. ಆದರೆ ಸಿಟ್ಟಿಗೆ ಚಪ್ಪಾಳೆ ಸಿಕ್ಕರೆ ಕೇಳಬೇಕೆ? ಒಂದು ಶನಿವಾರ ಸರಣಿಯ ದುಂಡನೆಯ ಹುಡುಗಿಯ ಚಿತ್ರ ಹಾಕಿ ಬರೆದಳು: "ಇದೇನು ದೋಣಿ ಹುಡುಗಿಯೋ, ಗೋಣಿಚೀಲಕ್ಕೆ ಲಾಡಿ ಕಟ್ಟಿದ್ದೋ? ಪುಸ್ತಕದಲ್ಲಿ ಅವಳು ಬಳ್ಳಿಯ ಹಾಗಿದ್ದಳು!"

ನೂರ ನಲವತ್ತು ಜನ ನಕ್ಕರು. 'ಹುಟ್ಟುಗೋಲು' ಎಂಬ ಹೆಸರಿನ ಯಾರೋ ಮಾತ್ರ ಕೆಳಗೆ ಬರೆದರು: "ನಂಗೆ ಈ ದೋಣಿ ಹುಡುಗಿ ತುಂಬ ಇಷ್ಟ. ನನ್ನ ಹಾಗೇ ಇದ್ದಾಳೆ."

ಕತ್ತರಿ ಸುಮ್ಮನಿರಲಿಲ್ಲ. "ಹಾಗಾದರೆ ಹೊಳೆ ಕಡೆ ಹೋಗಬೇಡಮ್ಮ, ದೋಣಿ ಮುಳುಗೀತು!"

ಅದಕ್ಕೆ ಇನ್ನೂ ಹೆಚ್ಚು ಜನ ನಕ್ಕರು. ಗುಂಪಿನಲ್ಲಿ ನಿವೃತ್ತ ಲೈಬ್ರರಿ ಮೇಷ್ಟ್ರೊಬ್ಬರಿದ್ದರು. ಅವರು ಮೆಲ್ಲಗೆ ಕೇಳಿದರು, "ಬಳ್ಳಿಯ ಹಾಗೆ ಅಂತ ಯಾವ ಪುಟದಲ್ಲಿದೆ, ಕತ್ತರಿಯವರೇ?" "ಪುಸ್ತಕ ನನಗೆ ಬಾಯಿಪಾಠ. ಪುಟ ನೀವೇ ಹುಡುಕಿಕೊಳ್ಳಿ" ಎಂದು ಉತ್ತರಿಸಿ ಟೈಲರಮ್ಮ ಹೊಲಿಗೆಗೆ ಕೂತಳು.

ಸೋಮವಾರ ಶಾಲೆ ಬಿಟ್ಟ ಮೇಲೆ ಅಣ್ಣನ ಮಗಳು ಅಂಗಡಿಗೆ ಬಂದಳು. ಅಣ್ಣನ ಸಂಸಾರ ಅಂಗಡಿಯ ಮೇಲಿನ ಮನೆಯಲ್ಲೇ ಇತ್ತು. ಹದಿಮೂರರ ಈ ಹುಡುಗಿ ಅಂಬೆಗಾಲಿಡುವಾಗ ಮೆಷಿನ್ನಿನ ದಾರ ಸುತ್ತುವ ಬಾಬಿನ್ ಉರುಳಿಸಿಕೊಂಡೇ ಆಡಿದವಳು, ಹಾಗಾಗಿ ಅತ್ತೆಯ ಬಾಯಲ್ಲಿ ಬಾಬಿನ್ ಎಂದೇ ಉಳಿದಿದ್ದಳು. ಶಾಲೆಯಲ್ಲಿ ಅದೇ ಕಥೆಯ ನಾಟಕ, ಅವಳೇ ದೋಣಿ ಹುಡುಗಿ. ಆ ಸುದ್ದಿ ತಂದ ದಿನ ಮೆಟ್ಟಿಲ ಮೇಲಿಂದಲೇ ಕೂಗಿಕೊಂಡು ಇಳಿದಿದ್ದಳು. ಈವತ್ತು ಸದ್ದಿಲ್ಲದೆ ಬಂದು ಕನ್ನಡಿಗೆ ಬೆನ್ನು ಮಾಡಿ ನಿಂತಳು.

"ಬಾರೇ ಬಾಬಿನ್, ಅಳತೆ ತಗೊಳ್ತೀನಿ."

"ಬೇಡ ಅತ್ತೆ, ನಾನೇ ಅಳೆದ್ಕೊಂಡು ಬಂದಿದೀನಿ. ಬರ್ಕೋ. ಎದೆ ಮೂವತ್ತಾರು, ಸೊಂಟ ಮೂವತ್ತನಾಲ್ಕು."

"ಏಯ್, ಮೆಲ್ಲಗೆ! ಈ ಅಂಗಡೀಲಿ ಅಳತೆ ಬಾಯಲ್ಲಿ ಹೇಳಬಾರದು ಅಂತ ಗೊತ್ತಿಲ್ವಾ ನಿಂಗೆ?"

"ಇಲ್ಲಿ ಹೇಳಬಾರದು, ಫೋನಲ್ಲಿ ಹೇಳಬಹುದಾ?" ಎಂದಳು ಹುಡುಗಿ. "ದೋಣಿ ಹುಡುಗಿ ಬಟ್ಟೆ ಬೇಡ. ಟೀಚರ್ ಹತ್ರ ಹೊಳೆ ದಡದ ಮರ ಆಗ್ತೀನಿ ಅಂತೀನಿ. ಕಂದು ಬಟ್ಟೇಲಿ ಹೇಗೋ ಒಂದು ಹೊಲಿದುಕೊಡು. ಗೋಣಿಚೀಲಕ್ಕೆ ಲಾಡಿ ಕಟ್ಟಿದ ಹಾಗಿದ್ರೂ ಸಾಕು."

ಟೈಲರಮ್ಮನ ಕೈಯಿಂದ ಟೇಪು ಜಾರಿತು. ಅದು ಅವಳದೇ ಮಾತು, ಅಕ್ಷರ ಅಕ್ಷರವೂ ಅವಳದೇ.

"ಆ ಹುಟ್ಟುಗೋಲು... ನೀನಾ?"

"ಅಮ್ಮನ ಫೋನಲ್ಲಿ ಸೇರಿದ್ದೆ. ಕತ್ತರಿ ಅಂದ್ರೆ ನೀನೇ ಅಂತ ಮೊದಲೇ ಗೊತ್ತಿತ್ತು. ಹಿಡಿಗೆ ನೀಲಿ ದಾರ ಸುತ್ತಿರೋ ಈ ಕತ್ತರಿ ಚಿತ್ರ ಹೆಸರಿನ ಪಕ್ಕ ಬೇರೆ ಯಾರು ಹಾಕ್ತಾರೆ?"

"ಕಾರ್ಟೂನ್ ಹುಡುಗಿ ಬರೀ ಬರೆದ ಚಿತ್ರ ಕಣೇ," ಎಂದಳು ಟೈಲರಮ್ಮ. ಅವಳ ಮಾತು ಅವಳಿಗೇ ಸಪ್ಪೆ ಅನ್ನಿಸಿತು. "ಚಿತ್ರಕ್ಕೆ ನೋವಾಗುತ್ತಾ?"

"ಚಿತ್ರಕ್ಕೆ ಆಗಲ್ಲ."

"ಪುಸ್ತಕ ಕೆಡಿಸಿದ್ರೆ ಕೇಳಬಾರದಾ ಹಾಗಾದ್ರೆ?"

"ಕೇಳು ಅತ್ತೆ. ಜ್ವರದ ಕಥೆ ಯಾಕೆ ಬಿಟ್ರಿ ಅಂತ ನೀನು ಬರೆದಾಗ ಮೊದಲು ಲೈಕ್ ಕೊಟ್ಟಿದ್ದೇ ನಾನು. ನೀನು ಹೇಳಿದ್ದು ಸರಿಯಾಗಿತ್ತು. ಆದ್ರೆ ನನ್ನ ಹಾಗೇ ಇದ್ದಾಳೆ ಅಂತ ನಾನು ಹೇಳಿದ ಮೇಲೂ ಎಲ್ಲ ನಕ್ರಲ್ಲ, ಅದು ಚಿತ್ರ ನೋಡಿ ನಕ್ಕಿದ್ದಲ್ಲ." ಕಣ್ಣೊರೆಸಿಕೊಂಡು ಹುಡುಗಿ ಮೆಟ್ಟಿಲು ಹತ್ತಿ ಹೋದಳು.

ತಪ್ಪು ಕಣ್ಣಿಗೆ ಬಿದ್ದ ಮೇಲೂ ಮನುಷ್ಯರು ಒಂದು ನೆಪ ಹುಡುಕದೆ ಬಿಡುವುದಿಲ್ಲ. ಪುಸ್ತಕದಲ್ಲಿ ಹಾಗೇ ಇದೆಯಲ್ಲ, ನಾನೇನು ಕಟ್ಟಿ ಹೇಳಿದೆನೇ ಎಂದುಕೊಂಡು ಟೈಲರಮ್ಮ ಕಪಾಟಿನಿಂದ ಆ ಹಳೆಯ ಕಾದಂಬರಿ ತೆಗೆದಳು. ಮೆಷಿನ್ ನಿಲ್ಲಿಸಿ ಮೊದಲ ಪುಟದಿಂದ ಓದಿದಳು. ಬಳ್ಳಿ ಎಲ್ಲೂ ಸಿಗಲಿಲ್ಲ. ಹುಡುಗಿ ಕಪ್ಪೋ ಬಿಳುಪೋ, ಉದ್ದವೋ ಗಿಡ್ಡವೋ, ಏನೂ ಇರಲಿಲ್ಲ. ಡಾಕ್ಟರು ದೋಣಿ ಹತ್ತುವಾಗ ಅವಳ ತೋಳು ಹಿಡಿದು, "ಈ ತೋಳಿದ್ದರೆ ಹೊಳೆ ದಾಟಬಹುದು" ಅಂದುಕೊಳ್ಳುತ್ತಾರೆ. ಇಡೀ ಪುಸ್ತಕದಲ್ಲಿ ಅವಳ ಮೈಯ ಬಗ್ಗೆ ಇದ್ದದ್ದು ಅದೊಂದೇ ಮಾತು.

ಕೊನೆಯ ರಟ್ಟಿನ ಒಳಗೆ ಪೆನ್ಸಿಲಿನ ಒಂದು ಚಿತ್ರವಿತ್ತು, ಹತ್ತನೇ ವಯಸ್ಸಿನಲ್ಲಿ ತಾನೇ ಬರೆದದ್ದು. ದೋಣಿಯಲ್ಲಿ ಗೆರೆಯಂಥ ಹುಡುಗಿ, ಕಡ್ಡಿ ಕೈ, ಕಡ್ಡಿ ಕಾಲು. ಆಗ ಶಾಲೆಯಲ್ಲಿ ಎಲ್ಲರೂ ಅವಳನ್ನು 'ಕಡ್ಡಿ' ಎಂದು ಕರೆಯುತ್ತಿದ್ದರು. ಗಾಳಿ ಬಂದರೆ ಕಂಬ ಹಿಡ್ಕೋ ಎಂದು ನಗುತ್ತಿದ್ದರು. ಆ ಕಡ್ಡಿ ಹುಡುಗಿ ದಿನಾ ಮನೆಗೆ ಬಂದು ಈ ಪುಸ್ತಕ ತೆರೆದು, ದೋಣಿ ಹುಡುಗಿಗೆ ತನ್ನ ಮೈಯನ್ನೇ ಕೊಟ್ಟು, ಅವಳ ಜೊತೆ ಹೊಳೆ ದಾಟುತ್ತಿದ್ದಳು. ಆ ದೋಣಿಯಲ್ಲಿ ತನಗೆ ಜಾಗ ಸಿಕ್ಕಿತ್ತು. ಇನ್ನೊಂದು ಮಗು ಬಂದು ಹತ್ತಲು ಕಾಲಿಟ್ಟಾಗ ತಾನೇ ನೂಕಿಬಿಟ್ಟಿದ್ದಳು. ಟೈಲರಮ್ಮನಿಗೆ ಅಳು ತಡೆಯಲಾಗಲಿಲ್ಲ.

ಅವಳು ಗುಂಪಿನಲ್ಲಿ ಬರೆದಳು: "ಮೇಷ್ಟ್ರೇ, ಯಾವ ಪುಟದಲ್ಲೂ ಇಲ್ಲ. ಚಿಕ್ಕಂದಿನಲ್ಲಿ ನಾನು ಕಡ್ಡಿಯ ಹಾಗಿದ್ದೆ, ಅವಳನ್ನೂ ಹಾಗೇ ಮಾಡಿಕೊಂಡಿದ್ದೆ. ಹುಟ್ಟುಗೋಲಿಗೆ ನಾನು ಹೇಳಿದ್ದು ತಪ್ಪು, ದಯವಿಟ್ಟು ಕ್ಷಮಿಸಬೇಕು. ಸರಣಿಯವರ ಮೇಲೆ ತಕರಾರು ಇನ್ನೂ ಇದೆ. ಅವರ ಹುಡುಗಿ ತೊಟ್ಟ ಅಂಗಿಯ ತೋಳು ತೀರಾ ಬಿಗಿ, ಅದನ್ನು ತೊಟ್ಟು ಹುಟ್ಟು ಹಾಕಲು ಆಗುವುದಿಲ್ಲ. ಟೈಲರ್ ಆಗಿ ಹೇಳುತ್ತಿದ್ದೇನೆ."

ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ಮಾತ್ರ ಒಂದು ನಮಸ್ಕಾರ ಕಳಿಸಿದರು.

ಮರುದಿನ ಸಂಜೆ ಬಾಬಿನ್ ತಾನಾಗಿಯೇ ಇಳಿದು ಬಂದಳು. ಗುಂಪಿನಲ್ಲಿ ಬಂದದ್ದನ್ನು ಓದಿದ್ದಳೆಂದು ಮುಖವೇ ಹೇಳುತ್ತಿತ್ತು. ಕತ್ತರಿಸುವ ಮೇಜಿನ ಮೇಲೆ ನೀಲಿ ಅಂಗಿ ಕಾದಿತ್ತು. ಹುಡುಗಿ ಹೇಳಿದ್ದ ಅಳತೆಗೇ, ಕಂಕುಳಿನ ಕೆಳಗೆ ಒಂದೊಂದು ತುಂಡು ಬಟ್ಟೆ ಹೆಚ್ಚಿಗೆ ಸೇರಿಸಿ, ತೋಳನ್ನು ಸಡಿಲ ಬಿಟ್ಟು ಟೈಲರಮ್ಮ ಹೊಲಿದಿದ್ದಳು.

"ಹಾಕ್ಕೊಂಡು ಈ ಅಳತೆಕೋಲು ಹಿಡಿ. ಹುಟ್ಟು ಹಾಕು, ನೋಡೋಣ."

ಹುಡುಗಿ ಮೊದಲು ಅರ್ಧ ಕೈ ಚಾಚಿದಳು. ಆಮೇಲೆ ಪೂರ್ತಿ ಚಾಚಿ ಎಳೆದಳು. ಅಂಗಿ ಎಲ್ಲೂ ಹಿಡಿಯಲಿಲ್ಲ. ಒಮ್ಮೆ ತಿರುಗಿ ಕನ್ನಡಿ ನೋಡಿಕೊಂಡಳು.

"ನಾಟಕದ ದಿನಾನೂ ಯಾರಾದ್ರೂ ನಕ್ರೆ, ಅತ್ತೆ?"

"ನಗಬಹುದು. ನಗಲ್ಲ ಅಂತ ನಾನು ಹೇಗೆ ಹೇಳ್ಲಿ? ನಾನೇ ನಕ್ಕವಳು." ಟೈಲರಮ್ಮ ಅವಳ ಕಾಲರ್ ಸರಿಮಾಡಿದಳು. "ನೀನು ಹುಟ್ಟು ಹಾಕ್ತಿರು. ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ."

"ಮರ ಆಗ್ತೀನಿ ಅಂತ ಟೀಚರ್‌ಗೆ ಹೇಳಿಬಿಟ್ಟೆನಲ್ಲ. ಈಗ ಮರ ಯಾರು ಆಗೋದು?"

"ನಾನಾಗ್ತೀನಿ ಬಿಡು. ಕಡ್ಡಿ ಹೋಗಿ ದಿಮ್ಮಿ ಆಗಿದೀನಿ, ಮರಕ್ಕೆ ಇನ್ನೇನು ಬೇಕು?"

ಬಾಬಿನ್ ಮೂರು ದಿನದ ಮೇಲೆ ಮೊದಲ ಸಲ ನಕ್ಕಳು. ಅತ್ತೆಯ ಕೊರಳಲ್ಲಿ ನೇತಾಡುತ್ತಿದ್ದ ಟೇಪು ಎಳೆದುಕೊಂಡು, "ಹಾಗಾದ್ರೆ ಕೈ ಎತ್ತು" ಎಂದು ಅವಳ ಸೊಂಟಕ್ಕೆ ಸುತ್ತಿದಳು. ಬಗ್ಗಿ ಅಂಕಿ ನೋಡಿದಳು. ಬಾಗಿಲಲ್ಲಿ ಇಬ್ಬರು ಗಿರಾಕಿಗಳು ಬಂದು ನಿಂತಿದ್ದರು.

"ಎಷ್ಟು ಬಂತೇ?" ಎಂದಳು ಟೈಲರಮ್ಮ, ಉಸಿರು ಬಿಗಿಹಿಡಿದು.

ಹುಡುಗಿ ಬಾಯಿ ಬಿಡಲಿಲ್ಲ. ಅಳತೆ ಪುಸ್ತಕ ತೆರೆದು, ಅಂಕಿಗೆ ಅಂಗೈ ಮರೆ ಮಾಡಿ ಬರೆದುಕೊಂಡಳು.